ಮೂವತ್ತೊಂದನೇ ಅಧ್ಯಾಯದ ಮೂವತ್ತೆರಡನೇ ವಾಕ್ಯ

ಜನವರಿ 12, ಭಾನುವಾರ

ಇಪ್ಪತ್ತಮೂರು ಮಕ್ಕಳು. ಹಾಡು ಎರಡು, ಕಥೆ ಒಂದು, ಬಿಸ್ಕತ್ತು ತಲಾ ಎರಡು. ಮೀನಿನ ಹೊಟ್ಟೆಯಲ್ಲಿ ಮೂರು ದಿನ ಇದ್ದವನ ಕಥೆ ಹೇಳಿದೆ. ಒಬ್ಬಳು ಕೈ ಎತ್ತಿದಳು — "ಸರ್, ಒಳಗಡೆ ನೆಟ್‌ವರ್ಕ್ ಇತ್ತಾ?"

"ಇರ್ಲಿಲ್ಲ ಪುಟ್ಟಿ. ಅದ್ಕೇ ಪ್ರಾರ್ಥನೆ ಮಾಡ್ದ."

ಎಲ್ಲರೂ ನಕ್ಕರು. ಇಂಥ ಉತ್ತರ ಹೊಳೆದ ದಿನ, ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟದ್ದು ಮರೆತುಹೋಗುತ್ತದೆ. ವಾರಕ್ಕೆ ಆರು ದಿನ ಶಿವಾಜಿನಗರದಲ್ಲಿ ಆಟೋ ಹಿಂದೆ ಸ್ಟಿಕರ್ ಅಂಟಿಸುವವನು. ಏಳನೇ ದಿನ ಹಲಸೂರಿನಲ್ಲಿ ಸಂಡೇ ಸ್ಕೂಲ್ ಮಾಸ್ಟರು. ದೇವರು ಏಳನೇ ದಿನ ರೆಸ್ಟ್ ತಗೊಂಡ. ನನಗೆ ಅದೂ ಇಲ್ಲ.

ಆರಾಧನೆ ಮುಗಿದು ಚಪ್ಪಲಿ ಹುಡುಕುತ್ತಿದ್ದೆ. ರಾಹೇಲಮ್ಮ ಹಿಡಿದರು. ವಿಮಾನಪುರದ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಸಾವಿರ ಜನಕ್ಕೆ ಸಾರು ಬಡಿಸಿ ರಿಟೈರ್ ಆದವರು. ಈಗಲೂ ಸೌಟು ಹಿಡಿದವರ ಥರವೇ ಮಾತು.

"ಮಾಸ್ಟ್ರೇ, ನನ್ನ ವಾಕ್ಯ ನನ್ನ ಬೈಬಲ್ ಪುಸ್ತಕದಲ್ಲಿಲ್ಲ."

"ಯಾವ ವಾಕ್ಯ ಅಮ್ಮ?"

"ನ್ಯೂ ಇಯರ್ ಕಾರ್ಡ್‌ದು. ಜ್ಞಾನೋಕ್ತಿ ಮೂವತ್ತೊಂದನೇ ಅಧ್ಯಾಯ, ಮೂವತ್ತೆರಡನೇ ವಾಕ್ಯ. ನನ್ನದ್ರಲ್ಲಿ ಮೂವತ್ತೊಂದಕ್ಕೇ ನಿಂತೋಗಿದೆ. ಗೆದ್ಲು ತಿಂದಿರ್ಬೇಕು."

"ಗೆದ್ಲು ಒಂದೇ ವಾಕ್ಯ ಆರಿಸ್ಕೊಂಡು ತಿನ್ನುತ್ತಾ?"

"ಹಳೇ ಪುಸ್ತಕ ಕಣ್ರೀ, ನಮ್ಮಮ್ಮಂದು. ನಿಮ್ಮದ್ರಲ್ಲಿ ತೋರ್ಸಿ ಸಾಕು. ಕಣ್ಣಾರೆ ನೋಡಿದ ಮರುದಿನಾನೇ ಹೋಗ್ತೀನಿ."

"ಎಲ್ಲಿಗೆ?"

"ಕೆ.ಆರ್.ಪುರಕ್ಕೆ. ಅಕ್ಕನ ಮನೆಗೆ."

ಕೈಯಲ್ಲಿದ್ದ ಬಿಸ್ಕತ್ತು ಪ್ಯಾಕೆಟ್ ಜಾರಿತು. ಆ ಅಕ್ಕನ ಹೆಸರು ಲೇಯಮ್ಮ. ಬೈಬಲಿನಲ್ಲೂ ರಾಹೇಲ, ಲೇಯ ಅಕ್ಕತಂಗಿಯರು, ಅಲ್ಲೂ ಅವರಿಬ್ಬರಿಗೆ ಆಗಿಬರುವುದಿಲ್ಲ. ಹೆಸರಿಡುವಾಗಲೇ ಅವರಪ್ಪ ಯೋಚನೆ ಮಾಡಬೇಕಿತ್ತು. ಇಲ್ಲಿ ಇಬ್ಬರೂ ಮಾತು ಬಿಟ್ಟು ಹತ್ತೊಂಬತ್ತು ವರ್ಷ. ಚರ್ಚಿಗೆ ಮೂವರು ಪಾದ್ರಿ ಅಯ್ಯನವರು ಬಂದು, ರಾಜಿ ಮಾಡಿಸಲು ಹೋಗಿ, ಟ್ರಾನ್ಸ್‌ಫರ್ ಆಗಿ ಹೋದರು. ಕಾರಣ — ಕುಂಬಳಕಾಯಿ.

ಜನವರಿ 13

ನನ್ನ ಪುಸ್ತಕ ತೆಗೆದು ನೋಡಿದೆ. ಮೂವತ್ತೊಂದನೇ ಅಧ್ಯಾಯ, ಮೂವತ್ತೊಂದನೇ ವಾಕ್ಯ. ಅದರ ಕೆಳಗೆ ಖಾಲಿ. ಆಮೇಲೆ ಬೈಬಲಿನ ಮುಂದಿನ ಭಾಗವೇ ಶುರು.

ನನ್ನ ಮನೆಯಲ್ಲೂ ಗೆದ್ದಲೇ?

ಆ ಕಾರ್ಡು ಬರೆದದ್ದು ನಾನೇ. ಪ್ರತಿ ವರ್ಷ ನಾನೇ, ಅಕ್ಷರ ದುಂಡಗಿದೆ ಅಂತ. ಹೊಸ ವರ್ಷದ ದಿನ ಬುಟ್ಟಿಯಿಂದ ಮನೆಗೊಂದು ಕಾರ್ಡು ಎತ್ತುತ್ತಾರೆ. ಬಂದ ವಾಕ್ಯವೇ ಆ ಮನೆಗೆ ಆ ವರ್ಷದ ವಾಗ್ದಾನ. ಫ್ರಿಜ್ ಮೇಲೆ ಅಂಟಿಸುತ್ತಾರೆ, ಪರ್ಸಿನಲ್ಲಿ ಇಡುತ್ತಾರೆ. ಅಯ್ಯನವರು ನೂರ ಇಪ್ಪತ್ತು ವಾಕ್ಯ ಪಟ್ಟಿ ಮಾಡಿ ಕೊಟ್ಟಿದ್ದರು. ಮನೆ ನೂರ ಇಪ್ಪತ್ತೊಂದು. ಒಂದು ಕಾರ್ಡಿಗಾಗಿ ಅವರಿಗೇನು ಫೋನ್ ಮಾಡುವುದು ಅಂತ ನನಗೆ ಬಾಯಿಗೆ ಬರುವ ವಾಕ್ಯವೊಂದನ್ನು ಬರೆದೆ —

"ಬಾಗಿಲು ತಟ್ಟಿದವನು ಸೋತವನಲ್ಲ, ತೆರೆಯದೆ ಕುಳಿತವನೇ ಸೋತವನು."

ಎಂಥ ವಾಕ್ಯ! ಹನ್ನೆರಡು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ. ಎಲ್ಲೋ ಇದೆ. ನಂಬರ್ ತಪ್ಪಿರಬೇಕು, ಅಷ್ಟೇ. ನಂಬರ್ ಪ್ಲೇಟ್ ಬರೆಯುವವನು ನಂಬರ್ ತಪ್ಪಿದ್ದೇನೆ. ಯಾರಿಗೂ ಹೇಳಬಾರದು.

ಜನವರಿ 14, ಸಂಕ್ರಾಂತಿ

ಮೊದಲ ಪುಟದಿಂದ ಶುರು ಮಾಡಿದ್ದೇನೆ. ಸಿಗುವವರೆಗೂ ಓದುವುದು.

ಹೆಂಡತಿ ಪ್ರತಿಭಾ ಎಳ್ಳುಬೆಲ್ಲ, ಕಬ್ಬು ತಂದಳು, ಪಕ್ಕದ ಮನೆಯವರು ಕೊಟ್ಟದ್ದು. ನೋಡಿದಳು. ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದಳು.

"ಏನ್ರೀ ಇದು?"

"ಸತ್ಯವೇದ ಓದ್ತಿದೀನಿ."

"ಅಂದ್ರೆ ಇಷ್ಟು ವರ್ಷ ಓದ್ದೇನೇ ಪಾಠ ಮಾಡಿದ್ರಾ?"

"ಬಿಡಿಬಿಡಿಯಾಗಿ ಓದಿದೀನಿ ಕಣೇ. ಮೊದ್ಲಿಂದ ಕೊನೇವರ್ಗೂ ಇದೇ ಫಸ್ಟು."

"ಇಂಟರ್ವಲ್ ಆದ್ಮೇಲೆ ಬಂದು ಕೂತು ಕಥೆ ಹೇಳೋ ಗಿರಾಕಿ ನೀವು" ಎಂದು ಕಬ್ಬು ಕಚ್ಚಿದಳು.

ಮದುವೆಯಾಗಿ ಇಪ್ಪತ್ತಾರು ವರ್ಷ. ಒಂದು ಸಲವೂ ಗುರಿ ತಪ್ಪಿಲ್ಲ.

ಜನವರಿ 23

ಅವನು ಇವನನ್ನು ಪಡೆದನು, ಇವನು ಇನ್ನೊಬ್ಬನನ್ನು ಪಡೆದನು. ಎಲ್ಲರೂ ಎಂಟುನೂರು, ಒಂಬೈನೂರು ವರ್ಷ ಬದುಕಿದರು. ಅವರ ಬರ್ತ್‌ಡೇ ಬ್ಯಾನರ್ ಬರೆಯುವವನ ಗತಿ!

ಆದರೆ ದೇವರು ಮಾಡಿಸಿದ ಗುಡಾರದ ಅಳತೆ ಬಂತು ನೋಡು — ಇಷ್ಟು ಮೊಳ ಉದ್ದ, ಇಷ್ಟು ಮೊಳ ಅಗಲ, ಅಂಚಿಗೆ ಇಂಥ ಬಣ್ಣದ ದಾರ, ಕುಣಿಕೆ ಐವತ್ತು. ಎಲ್ಲರೂ ಹಾರಿಸುವ ಜಾಗವಂತೆ. ನಾನು ಎರಡು ಸಲ ಓದಿದೆ. ಕೆಲಸಗಾರನಿಗೆ ಅಳತೆ ಕೊಡುವ ದೇವರು ನಂಬಿಕಸ್ಥ. ನನ್ನ ಗಿರಾಕಿಗಳು "ಸ್ವಲ್ಪ ದೊಡ್ಡದಾಗಿ ಹಾಕು ಗುರು" ಅಂತಾರೆ, ಅಷ್ಟೇ.

ವಾಕ್ಯ ಸಿಗಲಿಲ್ಲ.

ಫೆಬ್ರವರಿ 2, ಭಾನುವಾರ

ರಾಹೇಲಮ್ಮ ಮತ್ತೆ ಹಿಡಿದರು. ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ಸೀರೆ ತಂದಿದ್ದಾರೆ. ಅಕ್ಕನಿಗೆ. ಬೂದುಬಣ್ಣ, ಮರೂನ್ ಅಂಚು.

"ಅವ್ಳಿಗೆ ಬೂದು ಇಷ್ಟ ಇಲ್ಲ. ಅದ್ಕೇ ತಂದೆ. ಪೂರ್ತಿ ಸೋತೆ ಅಂದ್ಕೋಬಾರ್ದು ನೋಡಿ."

"ಹಂಗಾದ್ರೆ ಇವತ್ತೇ ಹೋಗ್ಬನ್ನಿ ಅಮ್ಮ. ವಾಕ್ಯ ಯಾಕೆ ಕಾಯ್ತೀರ?"

"ಅಯ್ಯೋ! ಅವ್ಳು ಬಾಗ್ಲಲ್ಲೇ ಕೇಳ್ತಾಳೆ, ಯಾಕ್ ಬಂದೆ ಅಂತ. ನಂಗೆ ನೀನು ಬೇಕಾಗಿದ್ದೆ, ಅದ್ಕೆ ಬಂದೆ ಅಂತ ಹೇಳೋಕಾಗುತ್ತಾ? ದೇವರು ಹೇಳ್ದ, ಬಂದೆ. ನೋಡು ಇಲ್ಲಿ, ಪುಸ್ತಕದಲ್ಲಿದೆ. ಅಷ್ಟು ಹೇಳಿದ್ರೆ ಮರ್ಯಾದೆ ಇರುತ್ತೆ."

ಪಾಪ. ಆ ಕುಂಬಳಕಾಯಿ ಅವರ ತಾಯಿ ತೀರಿಕೊಂಡ ವರ್ಷ ಹಿತ್ತಲ ಬಳ್ಳಿಯಲ್ಲಿ ಬಿಟ್ಟ ಕೊನೇದು. ಕೊಯ್ಲಿನ ಹಬ್ಬಕ್ಕೆ ಕಾಣಿಕೆಯಾಗಿ ಇಟ್ಟರು. ಆರಾಧನೆ ಆದ ಮೇಲೆ ಕಾಣಿಕೆಯನ್ನೆಲ್ಲ ಹರಾಜು ಹಾಕುವುದು ನಮ್ಮ ಪದ್ಧತಿ. ಅಕ್ಕತಂಗಿ ಇಬ್ಬರೂ ಒಬ್ಬರ ಮೇಲೊಬ್ಬರು ಕೂಗಿದರು. ಕೂಗಿ ಕೂಗಿ ಜಿದ್ದಿಗೆ ಬಿದ್ದು ರಾಹೇಲಮ್ಮ ಗೆದ್ದರು. ಅಕ್ಕ ಬೀಜಕ್ಕೆ ಬೇಕು ಎಂದು ಅತ್ತರಂತೆ. ತಂಗಿ ಅದೇ ಮಧ್ಯಾಹ್ನ ಪಲ್ಯ ಮಾಡಿಬಿಟ್ಟರು. ಅಕ್ಕ ಇಡೀ ಸಭೆಯ ಮುಂದೆ "ಅಮ್ಮನ್ನೇ ತಿಂದ್ಬಿಟ್ಟೆ ಕಣೇ" ಎಂದರು. ಅಷ್ಟೇ. ಮುಗಿಯಿತು. ಅಕ್ಕ ಚರ್ಚನ್ನೇ ಬದಲಾಯಿಸಿದರು.

"ಈಸ್ಟರ್ ಒಳಗೆ ಹುಡುಕ್ಕೊಡ್ತೀನಿ ಅಮ್ಮ" ಎಂದುಬಿಟ್ಟೆ.

ಬಾಯಿ. ಈ ಬಾಯಿ.

ಫೆಬ್ರವರಿ 19

ಯಾಜಕಕಾಂಡ ದಾಟಿದೆ. ಒಂಟೆ ತಿನ್ನಬಾರದು, ಹಲ್ಲಿ ತಿನ್ನಬಾರದು. ಆಗಲಿ, ತಿನ್ನುವುದಿಲ್ಲ. ಕುಷ್ಠ ಬಟ್ಟೆಗೂ ಬರುತ್ತದೆ, ಗೋಡೆಗೂ ಬರುತ್ತದೆ ಎಂದು ಇದೆ. ನಮ್ಮ ಅಡುಗೆಮನೆ ಗೋಡೆ ಪ್ರತಿಭಾಗೆ ತೋರಿಸಿದೆ. "ಅದು ಕುಷ್ಠ ಅಲ್ಲ, ಮೇಲ್ಗಡೆ ಮನೆ ಪೈಪು" ಎಂದಳು.

ಅಂಗಡಿಯಲ್ಲೂ ಓದುತ್ತೇನೆ. ಪಕ್ಕದಲ್ಲಿ ಸೀಟ್ ಕವರ್ ಹೊಲಿಯುವ ಅಫ್ಜಲ್ ಭಾಯ್ ದಿನಾ ಇಣುಕುತ್ತಾನೆ.

"ಕ್ಯಾ ಮಾಸ್ಟರ್, ಪರೀಕ್ಷೆ ಏನಾದ್ರೂ ಇದ್ಯಾ?"

"ಇದೆ ಭಾಯ್. ಈಸ್ಟರ್‌ಗೆ."

"ಪಾಸ್ ಆಗ್ತೀಯಾ?"

"ಪ್ರಶ್ನೆ ನಾನೇ ಬರ್ದಿದೀನಿ. ಉತ್ತರಾನೇ ಸಿಗ್ತಿಲ್ಲ."

ಮಾರ್ಚ್ 5, ಬುಧವಾರ

ಲೆಂಟ್ ಶುರು. ಇವತ್ತಿನಿಂದ ಈಸ್ಟರ್‌ವರೆಗೆ ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಕಾಫಿ. ನಾನು ಎಂದಿನಂತೆ ಪಿಕ್ಚರು ಬಿಟ್ಟಿದ್ದೇನೆ. ಟಿವಿಯಲ್ಲಿ ಕೂಡ. ದೇವರಿಗೆ ನೋವಾಗುವ ತ್ಯಾಗ ಕೊಡಬೇಕಲ್ಲ. ಅವನಿಗೆ ನೋವಾಗುತ್ತೋ ಇಲ್ಲವೋ, ನನಗಂತೂ ಆಗುತ್ತೆ.

ಮಾರ್ಚ್ 18, ಮಂಗಳವಾರ. ಮಧ್ಯಾಹ್ನ 12:30

ಊಟ ಆಮೇಲೆ. ಬರೆದು ಬಿಡುತ್ತೇನೆ.

ಮುನಿರಾಜು ಬಂದ. ಹಲಸೂರಿನವನು, ನನ್ನ ವಯಸ್ಸೇ, ಹೊಸ ಆಟೋ. ಹಿಂದೆ ಡೈಲಾಗ್ ಬೇಕು ಎಂದ. ಈಗಿನ ಪಿಕ್ಚರ್‌ದು ಬೇಡವಂತೆ, ಅದರಲ್ಲೆಲ್ಲ ಬರೀ ಹೊಗೆಯಂತೆ. ನಮ್ಮ ಕಾಲದ್ದು ಬೇಕಂತೆ.

"ಬರ್ಕೋ ಗುರು. ಬಾಗ್ಲು ತಟ್ಟಿದೋನು ಸೋತಿಲ್ಲ ಕಣೋ… ತೆಗೀದೇ ಕೂತಿದಾನಲ್ಲ, ಅವ್ನು ಸೋತ!"

ಪೆನ್ಸಿಲ್ ನಿಂತಿತು.

"ಮುನಿರಾಜು… ಇದು ಜ್ಞಾನೋಕ್ತಿ ಅಲ್ವಾ?"

"ಜ್ಞಾನನೋ ಗೀನನೋ. ರೌಡಿ ಹೇಳ್ತಾನಲ್ಲ ಗುರು! ಹೀರೋಯಿನ್ ಅಪ್ಪನ ಮನೆ ಮುಂದೆ. ಮರ್ತೋಯ್ತಾ? ಮಚ್ಚಿನ ಹಿಡೀಲಿ ಮೂರು ಸಲ ತಟ್ತಾನೆ, ಡೈಲಾಗ್ ಹೊಡೀತಾನೆ, ಆಮೇಲೆ…"

ಆಮೇಲೆ ನನ್ನ ಅಂಗಡಿ ಶಟರ್‌ಗೆ ಒದ್ದು ತೋರಿಸಿದ. ಅಫ್ಜಲ್ ಭಾಯ್ ಹೊಲಿಗೆ ಬಿಟ್ಟು ಓಡಿ ಬಂದ. ಅವನಿಗೂ ನೆನಪಿತ್ತು. ಇಬ್ಬರೂ ಸೇರಿ ಇಡೀ ಸೀನ್ ಮಾಡಿದರು. ಲೆಂಟ್‌ನಲ್ಲಿ ಪಿಕ್ಚರು ನೋಡುವುದಿಲ್ಲ ಎಂದು ಹರಕೆ. ಆದರೆ ಮುನಿರಾಜುವನ್ನು ನೋಡಬಾರದು ಎಂದು ಹರಕೆ ಇಲ್ಲ. ನೋಡಿದೆ. ಎಲ್ಲ ನೆನಪಾಯಿತು.

ಹದಿನಾರು ವರ್ಷ ನನಗೆ. ಥಿಯೇಟರ್ ಬ್ಯಾನರ್ ಬರೆಯುವವರ ಹತ್ತಿರ ಬಣ್ಣ ಕಲೆಸುತ್ತಿದ್ದೆ. ಆ ಪಿಕ್ಚರು ಹನ್ನೊಂದು ವಾರ ಓಡಿತು. ಗೇಟಿನವನು ಪರಿಚಯ. ಅದೇ ಹನ್ನೊಂದು ವಾರ ನನಗೆ ಚರ್ಚಿನಲ್ಲಿ ಕನ್ಫರ್ಮೇಶನ್ ಕ್ಲಾಸ್, ಸಭೆಗೆ ಪೂರ್ತಿ ಸೇರಿಸಿಕೊಳ್ಳುವ ಮುಂಚಿನ ಪಾಠ. ಬೆಳಿಗ್ಗೆ ವಾಕ್ಯ ಬಾಯಿಪಾಠ, ಮ್ಯಾಟಿನಿಗೆ ಡೈಲಾಗ್ ಬಾಯಿಪಾಠ. ತಲೆಯೊಳಗೆ ಡಬ್ಬ ಒಂದೇ. ಎರಡೂ ಅದರಲ್ಲೇ ಬಿದ್ದವು.

ಮೂವತ್ತು ವರ್ಷ ಆದ ಮೇಲೆ ಒಂದು ಹೊರಗೆ ಬಂತು, ಪಾದ್ರಿ ಬಟ್ಟೆ ಹಾಕಿಕೊಂಡು.

ಮಾರ್ಚ್ 19

ಓದಲಿಲ್ಲ.

ಮಾರ್ಚ್ 23, ಭಾನುವಾರ

ಆರಾಧನೆ ಮುಗಿಯುವ ಮೊದಲೇ ಹಿಂದಿನ ಬಾಗಿಲಿನಿಂದ ಪಾರು. ರಾಹೇಲಮ್ಮ ಮುಂದಿನ ಬಾಗಿಲಲ್ಲಿ ಕಾಯುತ್ತಿದ್ದರಂತೆ, ಪುಸ್ತಕ ಹಿಡಿದುಕೊಂಡು. ಪ್ರತಿಭಾ ಹೇಳಿದಳು. ಅವಳಿಗೆ ಎಲ್ಲ ಹೇಳಿದ್ದೇನೆ. ಮೊದಲು ಹತ್ತು ನಿಮಿಷ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಆಯಮ್ಮ ಸೀರೆಗೆ ಫಾಲ್ಸ್ ಹಾಕ್ಸಿದಾರೆ ಕಣ್ರೀ" ಎಂದಳು.

ಮಾರ್ಚ್ 29

ಮುನಿರಾಜು ಆಟೋಗೆ ಅಂಟಿಸಿದೆ. ಗಿರಾಕಿಯನ್ನು ಬಿಡುವುದಕ್ಕಾಗುತ್ತದೆಯೇ. ಹಳದಿ ಅಕ್ಷರ, ಕಪ್ಪು ನೆರಳು. ಚೆನ್ನಾಗಿ ಬಂದಿದೆ, ಅದೇ ಬೇಜಾರು.

ಆಟೋ ಹಿಂದಿನ ಸಾಲನ್ನು ಜನ ಯಾಕೆ ಓದುತ್ತಾರೆ? ಸಿಗ್ನಲ್ ಬಿದ್ದಿರುತ್ತೆ, ಬೇರೆ ದಾರಿ ಇರುವುದಿಲ್ಲ. ಚರ್ಚಿನಲ್ಲಿ ಪ್ರಸಂಗ ಕೇಳುವುದೂ ಸುಮಾರು ಹಾಗೇ. ಆದರೆ ಒಂದೊಂದು ಸಲ ಸಿಗ್ನಲ್ ಬಿಟ್ಟ ಮೇಲೂ ಸಾಲು ಜೊತೆಗೇ ಬರುತ್ತದೆ. ಅದನ್ನು ರೌಡಿ ಹೇಳಿದನೋ ಜ್ಞಾನೋಕ್ತಿ ಬರೆದ ರಾಜ ಹೇಳಿದನೋ, ಕಿವಿಗೆ ಗೊತ್ತಾಗುವುದಿಲ್ಲ. ಕಿವಿಗೆ ಗೊತ್ತಾಗದಿದ್ದರೆ ಪರವಾಗಿಲ್ಲ. ಮಾಸ್ಟರಿಗೆ ಗೊತ್ತಾಗಬೇಕಿತ್ತು.

ಏಪ್ರಿಲ್ 2

ಅಭ್ಯಾಸ ಬಲದಿಂದ ಪುಸ್ತಕ ತೆಗೆದೆ. ಹುಡುಕುವುದಕ್ಕೆ ಏನೂ ಇಲ್ಲ. ಹುಡುಕುವುದಕ್ಕೆ ಏನೂ ಇಲ್ಲದೆ ಓದಿದ್ದು ಜೀವಮಾನದಲ್ಲಿ ಇದೇ ಮೊದಲು. ಪ್ರತಿಭಾ "ಹೊಸ ಒಡಂಬಡಿಕೆಗೆ ಹಾರ್ಬಿಡ್ರೀ, ಹಬ್ಬ ಬಂತು" ಎಂದಳು. ಹಾರಿದೆ.

ಮತ್ತಾಯನ ಸುವಾರ್ತೆ, ಐದನೇ ಅಧ್ಯಾಯ. ಕಾಣಿಕೆ ಕೊಡಲು ಬಂದಾಗ ಯಾರಿಗೋ ನಿನ್ನ ಮೇಲೆ ಮನಸ್ತಾಪ ಇದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು, ಮೊದಲು ಹೋಗಿ ರಾಜಿ ಮಾಡಿಕೋ ಎಂದಿದೆ.

ಕಾಣಿಕೆ ಅಲ್ಲೇ ಬಿಟ್ಟು! ಕುಂಬಳಕಾಯಿ ಎಂದು ಬರೆದಿಲ್ಲ, ಅಷ್ಟೇ ಬಾಕಿ.

ಇದನ್ನು ನಾನೇ ಎಷ್ಟು ಸಲ ಪಾಠ ಮಾಡಿದ್ದೇನೆ. ಒಂದು ಸಲವೂ ಆ ಅಕ್ಕತಂಗಿ ನೆನಪಾಗಿರಲಿಲ್ಲ.

ಏಪ್ರಿಲ್ 6, ಭಾನುವಾರ

ಅಯ್ಯನವರಿಗೆ ಹೇಳಿದೆ. ಚಿಕ್ಕ ವಯಸ್ಸು, ಮೂವತ್ತೆರಡೋ ಮೂರೋ. ಕಣ್ಣು ಮುಚ್ಚಿ ಕೇಳಿದರು.

"ಸಮಾಧಾನಪ್ಪನವರೇ, ಎಷ್ಟು ವರ್ಷದಿಂದ ಕಲಿಸ್ತಿದ್ದೀರಿ ಇದನ್ನ?"

"ಹನ್ನೆರಡು, ಅಯ್ಯನವರೇ."

"ನಮ್ಮ ಮನೆಯವ್ರೂ ನಿಮ್ಮ ಸಂಡೇ ಸ್ಕೂಲೇ."

"ಹೌದು. ಜಾಣೆ. ವಾಕ್ಯ ಬಾಯಿಪಾಠದಲ್ಲಿ ಫಸ್ಟ್ ಪ್ರೈಜ್."

"ನಿಶ್ಚಿತಾರ್ಥ ಆದ್ಮೇಲೆ ಒಂದ್ಸಲ ಜಗಳ ಆಗಿತ್ತು. ಆಗ ಇದೇ ವಾಕ್ಯ ಬರೆದು ಕಳಿಸಿದ್ಲು. ನಾನೇ ಹೋಗಿ ಸಾರಿ ಕೇಳ್ದೆ." ಕಣ್ಣು ತೆರೆದರು. "ರೆಫರೆನ್ಸ್ ನೋಡ್ಲಿಲ್ಲ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೂ ನಗಲಿಲ್ಲ. ಆಮೇಲೆ ಸ್ಪಷ್ಟವಾಗಿ ಹೇಳಿದರು. "ಮೊದ್ಲು ರಾಹೇಲಮ್ಮನವರಿಗೆ, ಆಮೇಲೆ ಮಕ್ಕಳಿಗೆ. ನೀವೇ ಹೇಳ್ಬೇಕು, ಈಸ್ಟರ್ ಒಳಗೆ. ಆಗಲ್ಲ ಅಂದ್ರೆ ಕ್ಲಾಸನ್ನ ಬೇರೆಯವ್ರಿಗೆ ಕೊಡೋಣ."

ಕ್ಲಾಸು. ವಾರದಲ್ಲಿ ಆ ಒಂದು ಗಂಟೆ ಮಾತ್ರ ನನ್ನನ್ನು ಯಾರಾದರೂ ಸರ್ ಎನ್ನುವುದು.

ಏಪ್ರಿಲ್ 7

ಹೇಳಿದೆ. ಅವರ ಮನೆ ಬಾಗಿಲಲ್ಲಿ ನಿಂತು, ಒಂದೇ ಉಸಿರಿಗೆ.

"ಪಿಕ್ಚರಾ?" ಎಂದರು.

"ಹೂಂ ಅಮ್ಮ."

"ಹೀರೋ ಹೇಳಿದ್ದಾ?"

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಅರ್ಧ ಮರ್ಯಾದೆ ಉಳಿಯುತ್ತಿತ್ತು.

"ರೌಡಿ."

"ಮೂರು ತಿಂಗ್ಳಿಂದ ದಿನಾ ಬೆಳಿಗ್ಗೆ ಎದ್ದು ಆ ಕಾರ್ಡ್ ಹಿಡ್ಕೊಂಡು ಪ್ರಾರ್ಥನೆ ಮಾಡ್ತಿದೀನಿ. ರೌಡಿ ಮಾತಿಟ್ಕೊಂಡು!"

ಬಾಗಿಲು ಹಾಕಿದರು. ಸದ್ದು ಮಾಡಿ ಹಾಕಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹಾಕಿದರು.

ಏಪ್ರಿಲ್ 13, ಗರಿಗಳ ಭಾನುವಾರ

ಮಕ್ಕಳಿಗೆ ಹೇಳಿದೆ. ಎಲ್ಲರ ಕೈಯಲ್ಲೂ ಹಬ್ಬದ ತೆಂಗಿನ ಗರಿ. ತಪ್ಪು ಕಲಿಸಿದೆ, ಕ್ಷಮಿಸಿ, ಅದು ವಾಕ್ಯ ಅಲ್ಲ, ಪಿಕ್ಚರ್ ಡೈಲಾಗು ಎಂದೆ. ಜೋಕು ಬರಲಿಲ್ಲ. ಮುಂದಿನ ಸಾಲಿನಿಂದ ಒಂದು ಕೈ ಎದ್ದಿತು.

"ಸರ್, ಯಾವ ಪಿಕ್ಚರ್? ಯೂಟ್ಯೂಬಲ್ಲಿದ್ಯಾ?"

ಇಪ್ಪತ್ತಮೂರು ಮಕ್ಕಳೂ ಈಗ ರೌಡಿ ಪಿಕ್ಚರು ನೋಡುತ್ತಾರೆ. ಇದೂ ನನ್ನ ಸೇವೆ.

ರಾಹೇಲಮ್ಮ ಬಂದಿರಲಿಲ್ಲ. ಮೂರನೇ ಬೆಂಚಿನ ತುದಿ ಖಾಲಿ. ನಾನು ನೋಡಿದಂತೆ ಆ ಜಾಗ ಖಾಲಿ ಇದ್ದದ್ದು ಇದೇ ಮೊದಲು.

ಏಪ್ರಿಲ್ 15, ಮಂಗಳವಾರ

ಬೆಳಿಗ್ಗೆ ಎಂಟಕ್ಕೆ ಹೋಗಿ ತಟ್ಟಿದೆ. ಉತ್ತರ ಇಲ್ಲ. ಮತ್ತೆ ತಟ್ಟಿದೆ.

"ಯಾರು?"

"ನಾನಮ್ಮ. ಬಾಗ್ಲು ತಟ್ಟಿದವ್ನು…"

"ಆ ಡೈಲಾಗ್ ಹೇಳಿದ್ರೆ ಬಿಸಿನೀರು ಹಾಕ್ತೀನಿ!"

"ಇಲ್ಲಮ್ಮ, ನಿಜವಾದ ವಾಕ್ಯ ತಂದಿದೀನಿ. ನಂಬರ್ ಸಮೇತ. ಮೂರು ಸಲ ಚೆಕ್ ಮಾಡಿದೀನಿ."

ಸ್ವಲ್ಪ ಹೊತ್ತಾದ ಮೇಲೆ ಚಿಲಕ ಸರಿಯಿತು. ಮತ್ತಾಯ ಐದು, ಇಪ್ಪತ್ತಮೂರು, ಇಪ್ಪತ್ತನಾಲ್ಕು ಎಂದೆ. ಪುಸ್ತಕ ತೆಗೆಯುವರೆಂದು ಕಾದೆ. ತೆಗೆಯಲಿಲ್ಲ. ಬಾಯಿಪಾಠ ಒಪ್ಪಿಸಿದರು, ಒಂದು ಅಕ್ಷರ ಬಿಡದೆ.

"ಗೊತ್ತು ಮಾಸ್ಟ್ರೇ. ಹತ್ತೊಂಬತ್ತು ವರ್ಷದಿಂದ ಗೊತ್ತು. ಯಾರಾದ್ರೂ ಅದನ್ನ ಓದೋಕೆ ಶುರು ಮಾಡಿದ್ರೆ ನಾನು ಎದ್ದು ಹೊರಗೆ ಹೋಗ್ತಿದ್ದೆ, ನೀರು ಕುಡಿಯೋಕೆ. ತಪ್ಪಿಸ್ಕೊಳ್ಳೋದು ರೂಢಿ ಆಗೋಗಿತ್ತು. ನಿಮ್ಮ ರೌಡಿದು ಹೊಸ್ದು. ಅದ್ರಿಂದ ತಪ್ಪಿಸ್ಕೊಳ್ಳೋದು ಹೆಂಗೆ ಅಂತ ಗೊತ್ತಿರ್ಲಿಲ್ಲ."

ತಂದಿದ್ದ ಪುಸ್ತಕ ಕಂಕುಳಿಗೆ ಸೇರಿಸಿದೆ.

"ಬನ್ನಿ" ಎಂದು ಮೇಲೆ ಟೆರೇಸಿಗೆ ಕರೆದುಕೊಂಡು ಹೋದರು. ಮೊಣಕಾಲು ನೋವು, ಮೆಟ್ಟಿಲಿಗೊಂದು "ಸ್ತೋತ್ರ" ಎಂದುಕೊಂಡು. ಪೇಂಟ್ ಡಬ್ಬದಲ್ಲಿ ಬಳ್ಳಿ. ನೀರಿನ ಟ್ಯಾಂಕಿನ ಮೇಲೆಲ್ಲ ಹಬ್ಬಿದೆ. ಒಂದೇ ಕಾಯಿ, ಹೆಲ್ಮೆಟ್‌ನಷ್ಟು.

"ಬೀಜ ಎಸೀಲಿಲ್ಲ ನಾನು. ಪ್ರತಿ ವರ್ಷ ಹಾಕ್ತೀನಿ. ಅವತ್ತು ಅವ್ಳು ಎಲ್ರ ಮುಂದೆ ಹಂಗಂದ್ಲಲ್ಲ… ಹೇಳ್ಬೇಕು ಅನ್ನಿಸ್ಲಿಲ್ಲ."

ಏಪ್ರಿಲ್ 19, ಶನಿವಾರ. ಬೆಳಿಗ್ಗೆ 11. ಕೆ.ಆರ್.ಪುರ

ಆಟೋದಲ್ಲಿ ಕೂತು ಬರೆಯುತ್ತಿದ್ದೇನೆ. ಮುನಿರಾಜು ಆಟೋ, ಬೇರೆ ಯಾವುದೂ ಸಿಗಲಿಲ್ಲ. ಸಿಗಲಿಲ್ಲ ಎಂದು ರಾಹೇಲಮ್ಮನಿಗೆ ಹೇಳಿದ್ದೇನೆ.

ಹತ್ತುವ ಮೊದಲು ಹಿಂದೆ ಹೋಗಿ ನಿಂತು ಓದಿದರು. "ಇದೇ ತಾನೇ?"

"ಹೂಂ."

"ಅಕ್ಷರ ಚೆನ್ನಾಗಿದೆ" ಎಂದು ಹತ್ತಿ ಕೂತರು. ಬೂದು ಸೀರೆ ಮನೆಯಲ್ಲೇ ಬಿಟ್ಟು ಬಂದಿದ್ದಾರೆ. ಕುಂಬಳಕಾಯಿ ಮಡಿಲಲ್ಲಿ. ಸೇತುವೆ ಹತ್ತಿರದ ಜಾಮ್‌ನಲ್ಲಿ "ವಾಪಸ್ ಹೋಗೋಣ್ವಾ?" ಎಂದರು. ಮುನಿರಾಜು "ಯು ಟರ್ನ್ ಇಲ್ಲ ಅಮ್ಮಾ" ಎಂದ. ಇತ್ತು.

ಗೇಟು. ಮೂರು ಸಲ ತಟ್ಟಿದರು. ಬಾಗಿಲು ತೆರೆಯಿತು. ಅದೇ ಮೂಗು, ಅದೇ ಎತ್ತರ, ತಲೆ ಪೂರ್ತಿ ಬಿಳಿ. ಇಬ್ಬರೂ ನೋಡುತ್ತಾ ನಿಂತರು.

"ಯಾಕೆ ಬಂದೆ?" ಎಂದರು ಲೇಯಮ್ಮ.

ವಾಕ್ಯ ಹೇಳುತ್ತಾರೆ ಎಂದುಕೊಂಡೆ. ಮತ್ತಾಯ ಐದು. ಹೇಳಲಿಲ್ಲ. ಕಾಯಿ ಮುಂದೆ ಚಾಚಿದರು. "ಅಮ್ಮನ ಬಳ್ಳೀದು."

ಲೇಯಮ್ಮ ಕಾಯಿಯ ತೊಟ್ಟು ಮುಟ್ಟಿ ನೋಡಿದರು. ತಂಗಿಯ ಕೈ ಹಿಡಿದು ಒಳಗೆ ಎಳೆದುಕೊಂಡರು. ಬಾಗಿಲು ತೆರೆದೇ ಇದೆ.

ಹತ್ತು ನಿಮಿಷ ಸದ್ದಿಲ್ಲ. ಈಗ ಕೂಗಾಟ.

"ಬೆಲ್ಲ ಹಾಕ್ಬೇಕು ಕಣೇ, ಅಮ್ಮ ಹಾಕ್ತಿದ್ಲು!"

"ಅಮ್ಮ ಯಾವತ್ತು ಹಾಕಿದ್ಲು? ನಿಂಗೇನ್ ಗೊತ್ತು, ನೀನು ಚಿಕ್ಕೋಳು!"

ಮುನಿರಾಜು ಹೆದರಿದ್ದಾನೆ. "ಗುರು, ಮತ್ತೆ ಶುರುವಾಯ್ತಲ್ಲ ಜಗಳ?"

"ಸುಮ್ನಿರು. ಹತ್ತೊಂಬತ್ತು ವರ್ಷದ್ದು ಬಾಕಿ ಇದೆ."

ಕಿಟಕಿಯಿಂದ ರಾಹೇಲಮ್ಮ ಕರೆಯುತ್ತಿದ್ದಾರೆ. "ಮಾಸ್ಟ್ರೇ, ಇವ್ಳ ಮನೇಲಿ ಒಂದು ಚಾಕೂ ಹರಿತ ಇಲ್ಲ! ನಿಮ್ಮ ಸ್ಟಿಕರ್ ಬ್ಲೇಡ್ ಇದ್ಯಾ? ಬೀಜಕ್ಕೆ ತಾಗದ ಹಾಗೆ ಹುಷಾರಾಗಿ ಕುಯ್ಯಬೇಕು, ಬನ್ನಿ."

ಇದೆ. ಜೇಬಲ್ಲೇ ಇದೆ. ಹೋಗಿ ಕುಯ್ದು ಬರುತ್ತೇನೆ.